ವಿಸ್ತರಣೆ ಬೇಕು, ವಿಚಾರಣೆಯೂ ಬೇಕು

ಮೈಸೂರಿನಿಂದ ಬರೆದಿರುವ ನಿವೃತ್ತ ಶಿಕ್ಷಕಿಯವರಿಗೆ ನಮಸ್ಕಾರ.

ನಿಮ್ಮ ಮಗಳು ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ, ಈಗ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರಿಗೆ ಲೈಸೆನ್ಸ್ ಕೊಟ್ಟ ಮಂಡಳಿ 2029ರ ಸೆಪ್ಟೆಂಬರ್ 1ಕ್ಕೆ ರದ್ದಾಗುತ್ತದೆ ಎಂದು ಅಲ್ಲಿನ ಕಾನೂನಿನಲ್ಲೇ ಬರೆದಿರುವುದು ನಿಮ್ಮ ಕಣ್ಣಿಗೆ ಬಿದ್ದು ಗಾಬರಿಯಾಗಿದೆ. ಮಗಳ ಕೆಲಸದ ಗತಿಯೇನು, ರೋಗಿಗಳಿಗೆ ಬೇಕಾದ ಸಂಸ್ಥೆಗೆ ಕೊನೆಯ ದಿನವನ್ನು ಮೊದಲೇ ಗೊತ್ತುಮಾಡುವುದು ಯಾವ ನ್ಯಾಯ, ಒಂದೇ ಸಲ ಶಾಶ್ವತಗೊಳಿಸಬಾರದೇ ಎಂದು ಕೇಳಿದ್ದೀರಿ.

ಮೊದಲು ತಾಯಿಯ ಆತಂಕಕ್ಕೆ ಉತ್ತರ. ಆ ದಿನಾಂಕ ನಿಮ್ಮ ಮಗಳ ಲೈಸೆನ್ಸಿನದಲ್ಲ. ಅವರು ಎರಡು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಂಡು ಹೋದರಾಯಿತು. ಒಂದು ವೇಳೆ ಶಾಸನಸಭೆ ಮಂಡಳಿಯನ್ನು ಮುಂದುವರಿಸದೇ ಹೋದರೂ, ವ್ಯವಹಾರ ಮುಗಿಸಿಕೊಳ್ಳಲು ಅದಕ್ಕೆ ಇನ್ನೊಂದು ವರ್ಷದ ಕಾಲಾವಕಾಶ ಕಾನೂನಿನಲ್ಲೇ ಇದೆ. ರಾತ್ರಿ ಬೆಳಗಾಗುವುದರಲ್ಲಿ ಬಾಗಿಲು ಮುಚ್ಚುವುದಿಲ್ಲ.

ಇನ್ನು ನ್ಯಾಯದ ಪ್ರಶ್ನೆ. ಇದರಲ್ಲಿ ನನ್ನ ಅಭಿಪ್ರಾಯ ನಿಮ್ಮದಕ್ಕಿಂತ ಬೇರೆ. ಆ ದಿನಾಂಕ ಇರಲೇಬೇಕು ಎನ್ನುವವನು ನಾನು.

ಫಿಸಿಯೋಥೆರಪಿಸ್ಟರನ್ನು ಅಮೆರಿಕದಲ್ಲಿ ಫಿಸಿಕಲ್ ಥೆರಪಿಸ್ಟರು ಎನ್ನುತ್ತಾರೆ. ಟೆಕ್ಸಾಸ್‌ನಲ್ಲಿ ಅವರ ಮಂಡಳಿ ಹುಟ್ಟಿದ್ದು 1971ರಲ್ಲಿ, ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟರದು 1983ರಲ್ಲಿ. ಎರಡಕ್ಕೂ ಸೇರಿ ಒಂದೇ ಕಚೇರಿ, ಒಂದೇ ಸಿಬ್ಬಂದಿ ಇರಲೆಂದು 1993ರಲ್ಲಿ ಮೇಲೊಂದು ಕಾರ್ಯಕಾರಿ ಪರಿಷತ್ತನ್ನು ರಚಿಸಿದರು. ಯಾರು ರೋಗಿಯ ಮೈಮುಟ್ಟಿ ಚಿಕಿತ್ಸೆ ಮಾಡಬಹುದು, ದೂರು ಬಂದರೆ ಯಾರ ಲೈಸೆನ್ಸ್ ಕಿತ್ತುಕೊಳ್ಳಬೇಕು ಎಂದು ನಿರ್ಧರಿಸುವ ಅಧಿಕಾರ ಈ ಮಂಡಳಿಗಳದು. ಇದು ಸಣ್ಣ ಅಧಿಕಾರವಲ್ಲ. ಪಾರ್ಶ್ವವಾಯು ಹೊಡೆದವರಿಗೆ ಮತ್ತೆ ನಡೆಯಲು, ತಮ್ಮ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳಲು ಕಲಿಸುವವರು ಈ ಚಿಕಿತ್ಸಕರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವುದನ್ನು ಗುರುತಿಸದೆ ಮೀನಖಂಡವನ್ನು ತಿಕ್ಕಿದರೆ ಜೀವಕ್ಕೇ ಕುತ್ತು. ಕೂಡಿಕೊಳ್ಳುತ್ತಿರುವ ಮೂಳೆಯ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಭಾರ ಹಾಕಿಸಿದರೆ ಮತ್ತೆ ಶಸ್ತ್ರಚಿಕಿತ್ಸೆ. ಆದ್ದರಿಂದ ಲೈಸೆನ್ಸ್ ಬೇಕು, ಅದನ್ನು ಕೊಡುವ ಮಂಡಳಿಯೂ ಬೇಕು. ಇಲ್ಲಿಯವರೆಗೆ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ.

ಆದರೆ ಆ ಮಂಡಳಿಯಲ್ಲಿ ಕುಳಿತಿರುವವರು ಯಾರು? ಹೆಚ್ಚಿನವರು ಅದೇ ವೃತ್ತಿಯವರು. ಫಿಸಿಕಲ್ ಥೆರಪಿ ಮಂಡಳಿಯ ಒಂಬತ್ತು ಸದಸ್ಯರಲ್ಲಿ ಆರು ಮಂದಿ ಥೆರಪಿಸ್ಟರು, ಮೂವರು ಮಾತ್ರ ಸಾರ್ವಜನಿಕರ ಪ್ರತಿನಿಧಿಗಳು. ವೃತ್ತಿಯ ಒಳಹೊರಗು ಬಲ್ಲವರೇ ತೀರ್ಪು ಕೊಡಬೇಕೆಂಬುದು ಸರಿ. ಅದೇ ಜನ ತಮ್ಮ ಪೈಪೋಟಿದಾರರನ್ನು ಹೊರಗಿಡಲು ನಿಯಮಗಳನ್ನು ಬಳಸಬಹುದು ಎಂಬ ಭಯವೂ ಅಷ್ಟೇ ಸರಿ. ನಾರ್ತ್ ಕೆರೊಲಿನಾದ ದಂತವೈದ್ಯರ ಮಂಡಳಿ, ಹಲ್ಲು ಬಿಳಿ ಮಾಡಿಕೊಡುವ ಅಂಗಡಿಯವರಿಗೆ ವ್ಯಾಪಾರ ನಿಲ್ಲಿಸಿ ಎಂದು ಪತ್ರ ಕಳುಹಿಸಿತ್ತು. ಆ ಪ್ರಕರಣದಲ್ಲಿ 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವೃತ್ತಿಯವರದೇ ಹಿಡಿತವಿರುವ ಮಂಡಳಿಯ ಮೇಲೆ ಸರ್ಕಾರದ ಸಕ್ರಿಯ ಮೇಲ್ವಿಚಾರಣೆ ಇಲ್ಲದಿದ್ದರೆ ಅದಕ್ಕೆ ಸ್ಪರ್ಧಾ ಕಾನೂನಿನಿಂದ ವಿನಾಯಿತಿಯಿಲ್ಲ ಎಂದು ಹೇಳಿತು. ಮಂಡಳಿಗಳನ್ನು ಯಾರೂ ಪ್ರಶ್ನಿಸದೇ ಬಿಟ್ಟರೆ ಆಗುವುದೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕೆ?

ಇದನ್ನು ತಡೆಯಲೆಂದೇ ಇರುವುದು ಸನ್‌ಸೆಟ್ ಕಾಯ್ದೆ. 1976ರಲ್ಲಿ ಕೊಲೊರಾಡೊ ಇದನ್ನು ಮೊದಲು ತಂದಿತು, ಮರುವರ್ಷ ಟೆಕ್ಸಾಸ್ ತಂದಿತು. ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ ಪ್ರತಿ ಸಂಸ್ಥೆಯೂ ತಾನೇಕೆ ಇರಬೇಕೆಂದು ಹೇಳಿಕೊಳ್ಳಬೇಕು. ಮೊದಲು ಸಂಸ್ಥೆ ತನ್ನ ಬಗ್ಗೆ ತಾನೇ ವರದಿ ಕೊಡುತ್ತದೆ. ಆಮೇಲೆ ಸನ್‌ಸೆಟ್ ಆಯೋಗದ ಸಿಬ್ಬಂದಿ ಕಡತಗಳನ್ನು ತೆಗೆದು ನೋಡುತ್ತಾರೆ. ಐವರು ಸೆನೆಟರ್‌ಗಳು, ಐವರು ಕೆಳಮನೆಯ ಸದಸ್ಯರು, ಇಬ್ಬರು ಸಾರ್ವಜನಿಕರಿರುವ ಆಯೋಗ ಬಹಿರಂಗ ವಿಚಾರಣೆ ನಡೆಸುತ್ತದೆ. ಕೊನೆಗೆ ಮಸೂದೆ. ಮಸೂದೆ ಪಾಸಾಗದಿದ್ದರೆ ಸಂಸ್ಥೆ ಇಲ್ಲ. ಈ ಕೊನೆಯ ಮಾತಿನಲ್ಲೇ ಇಡೀ ಏರ್ಪಾಡಿನ ಶಕ್ತಿಯಿದೆ. ಅದನ್ನು ತೆಗೆದರೆ ಉಳಿಯುವುದು ಕಪಾಟು ಸೇರುವ ಇನ್ನೊಂದು ವರದಿ.

ಥೆರಪಿಸ್ಟರ ಪರಿಷತ್ತಿನ ಸರದಿ ಹಿಂದೆ ಬಂದದ್ದು 2017ರಲ್ಲಿ. ಆಗ ಅದನ್ನು ಬರೀ ಮುಂದುವರಿಸಿ ಕೈತೊಳೆದುಕೊಳ್ಳಲಿಲ್ಲ. ಲೈಸೆನ್ಸ್ ಕೇಳುವವರ ಬೆರಳಚ್ಚು ಪಡೆದು ಅಪರಾಧ ಹಿನ್ನೆಲೆ ಪರಿಶೀಲಿಸುವ ನಿಯಮ ಬಂತು. ರಾಜ್ಯದಿಂದ ರಾಜ್ಯಕ್ಕೆ ಹೋದಾಗ ಹೊಸ ಲೈಸೆನ್ಸಿಗೆ ಮೊದಲಿನಿಂದ ಅಲೆಯುವುದನ್ನು ತಪ್ಪಿಸುವ ಫಿಸಿಕಲ್ ಥೆರಪಿ ಅಂತರರಾಜ್ಯ ಒಪ್ಪಂದಕ್ಕೆ ಟೆಕ್ಸಾಸ್ ಸೇರಿದ್ದೂ ಅದೇ ವರ್ಷ. ಇದರ ಪ್ರಯೋಜನ ನಿಮ್ಮ ಮಗಳಂಥವರಿಗೇ ಹೆಚ್ಚು. ಕುಟುಂಬದ ಕೆಲಸ ಬದಲಾಗಿ ಊರು ಬಿಡಬೇಕಾದಾಗ ಅದರ ಬೆಲೆ ಗೊತ್ತಾಗುತ್ತದೆ.

ನಿಮ್ಮ ಭಯಕ್ಕೆ ಆಧಾರವೇ ಇಲ್ಲ ಎಂದು ಮಾತ್ರ ನಾನು ಹೇಳುವುದಿಲ್ಲ. ಅದೇ 2017ರಲ್ಲಿ ವೈದ್ಯರ ಮಂಡಳಿ, ಮನಶ್ಶಾಸ್ತ್ರಜ್ಞರ ಮಂಡಳಿ ಸೇರಿ ಐದು ಸಂಸ್ಥೆಗಳ ವಿಸ್ತರಣೆ ಶಾಸಕರ ಜಗಳದಲ್ಲಿ ಸಿಕ್ಕಿಕೊಂಡಿತು. ಜಗಳವಿದ್ದದ್ದು ಆಸ್ತಿ ತೆರಿಗೆಯ ಮೇಲೆ, ಯಾರು ಯಾವ ಶೌಚಾಲಯ ಬಳಸಬೇಕೆಂಬ ಮಸೂದೆಯ ಮೇಲೆ. ರೋಗಿಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ. ಗವರ್ನರ್ ಗ್ರೆಗ್ ಅಬಾಟ್ ಜುಲೈನಲ್ಲಿ ವಿಶೇಷ ಅಧಿವೇಶನ ಕರೆದು 2019ರವರೆಗೆ ಅವುಗಳ ಅವಧಿ ವಿಸ್ತರಿಸಬೇಕಾಯಿತು. 2019ರಲ್ಲಿ ಇನ್ನೂ ವಿಚಿತ್ರ. ಕೊಳಾಯಿ ಕೆಲಸದವರ ಮಂಡಳಿಯ ಮಸೂದೆ ಬಿದ್ದುಹೋಗಿ, ಹಾರ್ವಿ ಚಂಡಮಾರುತದ ವಿಪತ್ತು ಅಧಿಕಾರ ಬಳಸಿ ಗವರ್ನರ್ ಆದೇಶ ಹೊರಡಿಸಿ ಅದನ್ನು ಉಳಿಸಿದರು. ಜನರ ಆರೋಗ್ಯ ಕಾಯುವ ಸಂಸ್ಥೆಯನ್ನು ಹೀಗೆ ಒತ್ತೆಯಿಟ್ಟು ಚೌಕಾಶಿ ಮಾಡುವುದು ಅಕ್ಷಮ್ಯ. ಆದರೂ ಇದು ಶಾಸಕರ ನಡತೆಯ ತಪ್ಪು, ಪರಿಶೀಲನೆಯ ತಪ್ಪಲ್ಲ. ಇದಕ್ಕೆ ಹೆದರಿ ಕೊನೆಯ ದಿನಾಂಕವನ್ನೇ ಅಳಿಸಿಹಾಕಿದರೆ ರೋಗಿಗಳ ಕೈಯಲ್ಲಿರುವ ಏಕೈಕ ಹಗ್ಗವನ್ನೂ ಕತ್ತರಿಸಿದಂತೆ.

ಪತ್ರದ ಕೊನೆಗೆ ನಮ್ಮ ರಾಜ್ಯದ ಬಗ್ಗೆ ಕೇಳಿದ್ದೀರಿ. ದೆಹಲಿ 1997ರಲ್ಲೇ ಈ ಎರಡು ವೃತ್ತಿಗಳಿಗೆ ಪರಿಷತ್ತಿನ ಕಾಯ್ದೆ ಮಾಡಿತು, ಮಹಾರಾಷ್ಟ್ರವೂ ಆಮೇಲೆ ಮಾಡಿತು. ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಬಂದದ್ದು 2021ರಲ್ಲಿ. ರಾಜ್ಯಗಳು ಆರು ತಿಂಗಳೊಳಗೆ ಪರಿಷತ್ತು ರಚಿಸಬೇಕೆಂದು ಅದರಲ್ಲೇ ಇತ್ತು. ಮೂರು ವರ್ಷ ಕಳೆದರೂ ಅನೇಕ ಕಡೆ ಕೆಲಸ ಆಗದೆ, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗಡುವು ಕೊಡಬೇಕಾಯಿತು. ಅಲ್ಲಿ ಸಂಸ್ಥೆಗೆ ಮುಗಿಯುವ ದಿನಾಂಕ, ಇಲ್ಲಿ ಹುಟ್ಟುವ ದಿನಾಂಕಕ್ಕೇ ನ್ಯಾಯಾಲಯದ ಮೊರೆ! ನಮ್ಮ ಪರಿಷತ್ತುಗಳಿಗೆ ಈಗಲೇ ರದ್ದತಿಯ ದಿನಾಂಕ ಹಾಕಿ ಎಂದು ನಾನು ಕೇಳುವುದಿಲ್ಲ, ಅವು ಮೊದಲು ಕಾಲೂರಲಿ. ಆದರೆ ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು, ಎಷ್ಟು ಹೆಸರುಗಳನ್ನು ಪಟ್ಟಿಯಿಂದ ತೆಗೆದರು ಎಂಬುದನ್ನು ವಿಧಾನಸೌಧದಲ್ಲಿ ಬಹಿರಂಗವಾಗಿ ಒಪ್ಪಿಸುವ ಪದ್ಧತಿಯನ್ನು ಈಗಿನಿಂದಲೇ ಹಾಕಿಕೊಳ್ಳಬೇಕು. ನಿಮ್ಮ ಕ್ಷೇತ್ರದ ಶಾಸಕರಿಗೆ ಇದನ್ನು ಬರೆಯಿರಿ, ನಾವೂ ಬರೆಯುತ್ತೇವೆ.

ಮಗಳಿಗೂ ಒಂದು ಮಾತು ತಿಳಿಸಿ. ಟೆಕ್ಸಾಸ್ ಶಾಸನಸಭೆಯ ನಿಯತ ಅಧಿವೇಶನ ಎರಡು ವರ್ಷಕ್ಕೊಮ್ಮೆ, 140 ದಿನ ಮಾತ್ರ ನಡೆಯುತ್ತದೆ. ಮುಂದಿನ ಪರಿಶೀಲನೆ ಅದಕ್ಕಿಂತ ಮೊದಲೇ ಶುರುವಾಗುತ್ತದೆ, ಆಗ ಆಯೋಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಹೊರದೇಶದಲ್ಲಿ ಓದಿ ಬಂದವರ ಅಂಕಪಟ್ಟಿ ಪರಿಶೀಲನೆಗೆ ಎಷ್ಟು ಕಾಲ ಹಿಡಿಯಿತು, ಎಲ್ಲಿ ತೊಡಕಾಯಿತು ಎಂಬುದನ್ನು ಅವರಷ್ಟು ಬಲ್ಲವರು ಆ ಸಭೆಯಲ್ಲಿ ಹೆಚ್ಚು ಮಂದಿ ಇರಲಾರರು. ಅದನ್ನು ಬರೆದು ಕಳುಹಿಸಲಿ.

– ಸಂಪಾದಕ