ಚೂಪು ತುದಿಯಲ್ಲಿ ಕೊಕ್ಕು ಕಂಡರೆ

ಕೊಟ್ಟಿಗೆಯ ಕಷ್ಟ ಸುಖ: ಓದುಗರ ಪ್ರಶ್ನೆಗಳಿಗೆ ನಿವೃತ್ತ ಪಶುವೈದ್ಯೆಯೊಬ್ಬರ ಉತ್ತರ

ಪ್ರಶ್ನೆ: ನಮ್ಮಲ್ಲಿ ಖಾಕಿ ಕ್ಯಾಂಪ್‌ಬೆಲ್ ಬಾತುಕೋಳಿಗಳಿವೆ. ಅವು ಕಾವಿಗೆ ಕೂರುವುದಿಲ್ಲವೆಂದು ಚಿಕ್ಕ ಇನ್‌ಕ್ಯುಬೇಟರ್ ತಂದು ಮೊಟ್ಟೆ ಇಟ್ಟೆವು. 27ನೆಯ ದಿನ ಬೆಳಿಗ್ಗೆ ಒಂದು ಮೊಟ್ಟೆ ಚೂಪು ತುದಿಯಲ್ಲಿ ಬಿರುಕು ಬಿಟ್ಟಿತ್ತು, ಒಳಗೆ ಕೊಕ್ಕು ಆಡುತ್ತಿತ್ತು. ಸಂಜೆಯಾದರೂ ಅಷ್ಟೇ ಇತ್ತು. ಉಸಿರು ಕಟ್ಟೀತೆಂದು ಅತ್ತೆಯವರು ಓಡು ಬಿಡಿಸಿದರು. ರಕ್ತ ಬಂತು. ಹೊಟ್ಟೆಯ ಬಳಿ ಹಳದಿ ಹಾಗೆಯೇ ನೇತಾಡುತ್ತಿತ್ತು. ರಾತ್ರಿ ಮರಿ ಸತ್ತಿತು. ಇನ್ನೊಂದು ಸಲ ಹೀಗಾದರೆ ಏನು ಮಾಡಬೇಕು?
— ಗೃಹಿಣಿ, ಭದ್ರಾವತಿ ತಾಲ್ಲೂಕು

ಉತ್ತರ: ಅತ್ತೆಯವರನ್ನು ದೂರಬೇಡಿ. ಉಸಿರಿನ ಬಗ್ಗೆ ಅವರಿಗಿದ್ದ ಆತಂಕ ನ್ಯಾಯವಾದದ್ದೇ. ಗಾಳಿಗೆ ದಾರಿ ಮಾಡಿ ಕೈ ತೆಗೆದಿದ್ದರೆ ಮರಿ ಉಳಿಯುವ ಸಾಧ್ಯತೆ ಇತ್ತು. ಅದೇ ದಿನ ಹೊರಗೆ ತೆಗೆದದ್ದು ಬೇಗವಾಯಿತು.

ಸರಿಯಾಗಿ ಕೂತ ಮರಿಯ ತಲೆ ಮೊಟ್ಟೆಯ ದಪ್ಪ ತುದಿಯ ಕಡೆ, ಬಲ ರೆಕ್ಕೆಯ ಕೆಳಗೆ ಇರುತ್ತದೆ. ಕೊಕ್ಕಿನ ಮುಂದೆಯೇ ಗಾಳಿಕೋಶ, ಅಂದರೆ ಆ ತುದಿಯಲ್ಲಿ ಓಡಿಗೂ ಒಳಪೊರೆಗೂ ನಡುವೆ ಗಾಳಿ ತುಂಬಿದ ಜಾಗ. ಮರಿ ಮೊದಲು ಒಳಪೊರೆಯನ್ನು ಚುಚ್ಚಿ ಆ ಕೋಶದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಲ್ಲಿಯವರೆಗೆ ಅದರ ಪಾಲಿಗೆ ಉಸಿರಾಡುತ್ತಿದ್ದದ್ದು ಓಡಿನ ಒಳಮೈಗೆ ಅಂಟಿದ ಪೊರೆಯ ರಕ್ತನಾಳಗಳು. ಇನ್ನು ಮುಂದೆ ಶ್ವಾಸಕೋಶ ಆ ಕೆಲಸ ಕಲಿಯಬೇಕು, ನಾಳಗಳಲ್ಲಿರುವ ರಕ್ತ ಮೈಗೆ ಸೇರಬೇಕು, ಉಳಿದ ಹಳದಿ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಹೋಗಬೇಕು. ಓಡಿಗೆ ಬಿರುಕು ಬಿದ್ದ ಮೇಲೂ ಬಾತುಮರಿ ಒಂದು ದಿನ, ಒಂದೂವರೆ ದಿನ ಸುಮ್ಮನಿರುವುದು ಇದಕ್ಕಾಗಿ. ಕೋಳಿಮರಿಯ ಅವಸರ ಅದಕ್ಕಿಲ್ಲ. ಮೊಬೈಲ್‌ನಲ್ಲಿ ಎರಡು ನಿಮಿಷಕ್ಕೆ ಮರಿ ಹೊರಬೀಳುವ ವಿಡಿಯೊ ನೋಡಿದವರಿಗೆ ಈ ಮೌನ ಸಹಿಸಲಾಗುವುದಿಲ್ಲ. ಆ ವಿಡಿಯೊ ಮಾಡಿದವರು ಮೊದಲಿನ ಮೂವತ್ತು ಗಂಟೆಯನ್ನು ಕತ್ತರಿಸಿ ಎಸೆದಿರುತ್ತಾರೆ.

ತಲೆ ಚೂಪು ತುದಿಗೆ ಬಂದ ಮರಿಗೆ ಗಾಳಿಕೋಶ ಸಿಗುವುದಿಲ್ಲ, ಅದು ಕಾಲಿನ ಕಡೆ ಉಳಿದಿರುತ್ತದೆ. ಹಾಗಾಗಿ ನಡುವಿನ ಮೆಟ್ಟಿಲನ್ನು ಬಿಟ್ಟು ಮರಿ ನೇರವಾಗಿ ಓಡನ್ನೇ ಒಡೆಯುತ್ತದೆ. ನೋಡುವವರಿಗೆ ಬಿರುಕು ಬಿದ್ದದ್ದು ಕಾಣುತ್ತದೆ, ಒಳಗೆ ನಾಳಗಳು ಇನ್ನೂ ರಕ್ತ ತುಂಬಿಕೊಂಡಿರುವುದು ಕಾಣುವುದಿಲ್ಲ. ಇಂಥ ಮರಿಗೆ ಉಳಿದವುಗಳಿಗಿಂತ ಹೆಚ್ಚು ಸಮಯ ಬೇಕು. ಚೂಪು ತುದಿ ಇಕ್ಕಟ್ಟಾದ್ದರಿಂದ ಕತ್ತು ತಿರುಗಿಸಿ ಓಡನ್ನು ಸುತ್ತಲೂ ಕತ್ತರಿಸಿಕೊಳ್ಳುವುದೂ ಕಷ್ಟ. ಆದರೂ ಕೆಲವು ಮರಿಗಳು ಯಾರ ನೆರವೂ ಇಲ್ಲದೆ ಬರುತ್ತವೆ. ಆ ಅವಕಾಶವನ್ನು ಕಸಿಯಬೇಡಿ.

ಬಿರುಕು ಕಂಡ ದಿನ ನೋಡಬೇಕಾದದ್ದು ಮೂಗಿನ ಹೊಳ್ಳೆ. ಬಾತಿನ ಹೊಳ್ಳೆಗಳು ಕೊಕ್ಕಿನ ತುದಿಯಲ್ಲಿಲ್ಲ, ಬುಡದ ಕಡೆಗಿವೆ. ತುದಿ ಹೊರಗಿದ್ದು ಹೊಳ್ಳೆಯ ಮೇಲೆ ಪೊರೆ ಅಂಟಿಕೊಂಡಿದ್ದರೆ ಉಸಿರಿಗೆ ತೊಂದರೆ. ಕೈ ಸೋಪಿನಿಂದ ತೊಳೆದು, ಕುದಿಸಿದ ನೀರಿನಲ್ಲಿ ಅದ್ದಿದ ಚಿಮಟದಿಂದ ಬಿರುಕಿನ ಅಂಚಿನ ಓಡನ್ನು ಚೂರು ಚೂರಾಗಿ ಎತ್ತಿ, ಹೊಳ್ಳೆ ಕಾಣುವಷ್ಟು ಜಾಗ ಮಾಡಿ. ಆ ದಿನಕ್ಕೆ ಅಷ್ಟು ಸಾಕು. ಮೊಟ್ಟೆಯನ್ನು ತೂತು ಮೇಲೆ ಬರುವಂತೆ ಯಂತ್ರದಲ್ಲಿಡಿ. ಶಾಖ 37.5 ಡಿಗ್ರಿ ಇರಲಿ, ತೇವಾಂಶ ಶೇ 70ಕ್ಕಿಂತ ಇಳಿಯದಿರಲಿ. ನೀವು ಪ್ರತಿ ಸಲ ಮುಚ್ಚಳ ತೆರೆದಾಗಲೂ ತೇವ ಹೊರಗೆ ಹೋಗಿ, ಪೊರೆ ಒಣಗಿ ಮರಿಯ ಮೈಗೆ ಬಿಗಿದುಕೊಳ್ಳುತ್ತದೆ. ಒಳಗೊಂದು ಬಟ್ಟಲು ಬಿಸಿನೀರು, ಅದರಲ್ಲಿ ಅದ್ದಿದ ಬಟ್ಟೆ ಇಟ್ಟರೆ ಒಳ್ಳೆಯದು. ಮನೆಯ ಮಕ್ಕಳಿಗೂ ನೆಂಟರಿಗೂ ಮುಚ್ಚಳ ಮುಟ್ಟಬಾರದೆಂದು ಹೇಳಿ.

ಒಂದು ದಿನ ಪೂರ್ತಿ ಕಳೆದರೂ ತೂತು ದೊಡ್ಡದಾಗದಿದ್ದರೆ ಪರೀಕ್ಷೆ ಮಾಡಿ. ಬಿಳಿ ಪೊರೆಯನ್ನು ಹರಿಯದೆ ಅದರ ಮೇಲಿನ ಓಡನ್ನಷ್ಟೇ ಒಂದು ಬೆರಳಗಲ ತೆಗೆಯಿರಿ. ಉಗುರುಬೆಚ್ಚಗಿನ ತೆಂಗಿನೆಣ್ಣೆಯನ್ನು ಹತ್ತಿಯ ಕಡ್ಡಿಯಿಂದ ಪೊರೆಗೆ ಸವರಿ. ಒಂದು ತೊಟ್ಟೂ ಹೊಳ್ಳೆಗೆ ಇಳಿಯಬಾರದು. ಎಣ್ಣೆ ತಗುಲಿದ ಪೊರೆ ಪಾರದರ್ಶಕವಾಗಿ ನಾಳಗಳು ಕಾಣುತ್ತವೆ. ಕೆಂಪಗೆ, ದಪ್ಪಗೆ ಇದ್ದರೆ ಮರಿ ಸಿದ್ಧವಾಗಿಲ್ಲ. ಯಂತ್ರಕ್ಕೆ ಮರಳಿಸಿ, ನಾಲ್ಕೈದು ಗಂಟೆ ಬಿಟ್ಟು ಮತ್ತೆ ನೋಡಿ. ಮರಿ ಬಾಯನ್ನು ಮೆಲ್ಲುವಂತೆ ಆಡಿಸುತ್ತಿದ್ದರೂ ಇನ್ನೂ ಹಳದಿ ಎಳೆದುಕೊಳ್ಳುತ್ತಿದೆ ಎಂದು ತಿಳಿಯಿರಿ. ನಾಳಗಳು ಬತ್ತಿ ಮಾಸಲು ಗೆರೆಗಳಾದ ಮೇಲೆ ಪೊರೆಯನ್ನು ತಲೆಯ ಮೇಲಿನಿಂದ ಮೆಲ್ಲನೆ ಸರಿಸಿ. ಎಲ್ಲಿ ರಕ್ತ ಜಿನುಗಿದರೂ ಶುದ್ಧ ಹತ್ತಿಗೆ ಚಿಟಿಕೆ ಕಾರ್ನ್‌ಫ್ಲೋರ್ ಅದ್ದಿ ಒತ್ತಿ ಹಿಡಿಯಿರಿ, ಆ ಹೊತ್ತಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ.

ತಲೆ ಹೊರಗೆ ಬಂದ ಮೇಲೆ ಎಳೆಯಬೇಡಿ. ಕೆಳಗಿನ ಓಡು ಲಂಗೋಟಿಯಂತೆ ಮೈಗೆ ಇರಲಿ. ಹೊಕ್ಕುಳು ಆ ಕಡೆ ಇದೆ, ಹಳದಿಯ ಕೊನೆಯ ಪಾಲು ಅಲ್ಲಿಂದಲೇ ಒಳಗೆ ಹೋಗಬೇಕು. ಮರಿಯೇ ಒದ್ದು ಹೊರಬರಲಿ. ಬಂದ ಮೇಲೆ ಹೊಕ್ಕುಳಿಗೆ ನಂಜಾಗದಂತೆ ಪೊವಿಡೋನ್ ಅಯೋಡಿನ್ ಔಷಧ ಮುಟ್ಟಿಸಿ.

ಇಷ್ಟೆಲ್ಲ ಮಾಡಿದರೂ ಕೆಲವು ಮರಿಗಳು ಸಾಯುತ್ತವೆ. ತಿರುಗುಮುರುಗಾಗಿ ಕೂತ ಮರಿಗೆ ಬೇರೆ ಊನವೂ ಇರಬಹುದು. ಅದನ್ನು ನಿಮ್ಮ ಕೈಗುಣಕ್ಕೆ ಕಟ್ಟಿಕೊಳ್ಳಬೇಡಿ.

ಇನ್ನು, ಇದು ಮರುಕಳಿಸದಿರಲು. ಕೋಳಿಮೊಟ್ಟೆಗೆಂದು ಮಾಡಿದ ತಟ್ಟೆಯಲ್ಲಿ ಚೂಪು ತುದಿ ಮೇಲಾಗಿ ಇಡುವುದು ಈ ತೊಂದರೆಗೆ ದೊಡ್ಡ ಕಾರಣ. ಬಾತಿನ ಮೊಟ್ಟೆಗಳಲ್ಲಿ ಕೆಲವಕ್ಕೆ ಎರಡು ತುದಿಯೂ ಒಂದೇ ರೀತಿ ಕಾಣುತ್ತದೆ. ಕತ್ತಲಲ್ಲಿ ಟಾರ್ಚ್ ಹಿಡಿದು ಗಾಳಿಕೋಶ ಎಲ್ಲಿದೆಯೆಂದು ನೋಡಿ, ಪೆನ್ಸಿಲ್‌ನಿಂದ ಗುರುತು ಹಾಕಿ, ಆ ತುದಿ ಮೇಲಾಗಿ ಇಡಿ, ಇಲ್ಲವೇ ಅಡ್ಡ ಮಲಗಿಸಿ. ಮೊದಲ 25 ದಿನ ದಿನಕ್ಕೆ ಕನಿಷ್ಠ ಮೂರು ಬಾರಿಯಾದರೂ ತಿರುಗಿಸಿ, ಆಮೇಲೆ ಮುಟ್ಟಬೇಡಿ. ನಿಲ್ಲಿಸುವ ದಿನ ಮತ್ತೊಮ್ಮೆ ಟಾರ್ಚ್ ಹಿಡಿದರೆ ಕೊಕ್ಕಿನ ನೆರಳು ಯಾವ ಕಡೆ ಅಲುಗುತ್ತಿದೆಯೆಂದು ಬಹಳ ಸಲ ಗೊತ್ತಾಗುತ್ತದೆ. ಮಸ್ಕವಿ ಜಾತಿಯಾದರೆ ಕಾವಿನ ಅವಧಿ 35 ದಿನ, ಲೆಕ್ಕವನ್ನು ಅದಕ್ಕೆ ತಕ್ಕಂತೆ ಮುಂದೆ ಹಾಕಿ.

ಪ್ರಶ್ನೆ: ನಾವು ನಾಟಿ ಹೇಂಟೆಯ ಕೆಳಗೆ ಬಾತಿನ ಮೊಟ್ಟೆ ಇಡುತ್ತೇವೆ. ಅಲ್ಲಿಯೂ ಮರಿ ತಲೆಕೆಳಗಾಗುವುದುಂಟೇ?
— ಕೃಷಿಕರು, ಕಾರ್ಕಳ

ಉತ್ತರ: ಉಂಟು. ಹೇಂಟೆ ಒಳ್ಳೆಯ ತಾಯಿ, ಆದರೆ ಬಾತಿನ ಮೊಟ್ಟೆ ಅದರ ಮೊಟ್ಟೆಗಿಂತ ಬಹಳ ಭಾರ, ತಿರುಗಿಸಲು ಅದಕ್ಕೆ ಆಗುವುದಿಲ್ಲ. ಅದು ಕಾಳು ತಿನ್ನಲು ಎದ್ದಾಗ ನೀವೇ ತಿರುಗಿಸಿ. ಕೊನೆಯ ವಾರದಲ್ಲಿ ಬೆಚ್ಚಗಿನ ನೀರನ್ನು ಕೈಯಿಂದ ಚಿಮುಕಿಸಿ. ತಾಯಿ ಬಾತು ಒದ್ದೆ ಮೈಯಲ್ಲಿ ಗೂಡಿಗೆ ಬರುವ ಪ್ರಾಣಿ. ಅದೇ ಗೂಡಿನಲ್ಲಿ ಕೋಳಿಮೊಟ್ಟೆಯನ್ನು ಮಾತ್ರ ಸೇರಿಸಬೇಡಿ. 21ನೆಯ ದಿನ ಕೋಳಿಮರಿ ಬಂದರೆ ಹೇಂಟೆ ಅವುಗಳ ಹಿಂದೆ ಹೊರಟುಬಿಡುತ್ತದೆ, ಬಾತಿನ ಮೊಟ್ಟೆಗೆ ಇನ್ನೂ ಒಂದು ವಾರ ಬಾಕಿ ಇರುತ್ತದೆ.

ಪ್ರಶ್ನೆ: ನೆರವು ಕೊಟ್ಟು ಬಿಡಿಸಿದ ಮರಿಯ ಕಾಲುಗಳು ಎರಡು ಕಡೆಗೆ ಜಾರುತ್ತಿವೆ. ಬದುಕುತ್ತದೆಯೇ? ಏನು ತಿನ್ನಿಸಲಿ?
— ವಿದ್ಯಾರ್ಥಿ, ಸಿರಸಿ

ಉತ್ತರ: ಮೊದಲು ಕೆಳಗೆ ಹಾಸಿದ ದಿನಪತ್ರಿಕೆ ತೆಗೆಯಿರಿ, ಅದರ ಮೇಲೆ ಯಾವ ಮರಿಯೂ ಜಾರುತ್ತದೆ. ಗೋಣಿತಾಟು ಹಾಸಿ. ಎರಡು ಕಾಲನ್ನೂ ಸಹಜ ಅಂತರದಲ್ಲಿರುವಂತೆ ಮೆತ್ತನೆಯ ಪಟ್ಟಿಯಿಂದ ಸಡಿಲವಾಗಿ ಜೋಡಿಸಿ, ದಿನಕ್ಕೊಮ್ಮೆ ಬಿಚ್ಚಿ ನೋಡಿ. ಬೇಗ ಹಿಡಿದರೆ ಕೆಲವೇ ದಿನಗಳಲ್ಲಿ ಸರಿಹೋಗುವುದೇ ಹೆಚ್ಚು. ಕೋಳಿಮರಿಗಿಂತ ಬಾತುಮರಿಗೆ ನಿಯಾಸಿನ್ ಎಂಬ ಬಿ ವಿಟಮಿನ್ ಜಾಸ್ತಿ ಬೇಕು, ಕಡಿಮೆಯಾದರೆ ಕಾಲು ಸೊಟ್ಟಗಾಗುತ್ತದೆ. ಕೋಳಿಮರಿಯ ಆಹಾರವನ್ನೇ ಹಾಕುವುದಾದರೆ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸಿ. ತಿನ್ನುವಾಗ ಪಕ್ಕದಲ್ಲಿ ಕೊಕ್ಕು ಮುಳುಗುವಷ್ಟು ನೀರಿರಲಿ, ಈಜುವಷ್ಟು ಈಗಲೇ ಬೇಡ. ಬೂಸ್ಟು ಹಿಡಿದ ಶೇಂಗಾ ಹಿಂಡಿಯನ್ನು ಹತ್ತಿರಕ್ಕೂ ತರಬೇಡಿ. ಅದರ ಅಫ್ಲಟಾಕ್ಸಿನ್ ವಿಷ ಕೋಳಿಮರಿಗಿಂತ ಬಾತುಮರಿಯ ಯಕೃತ್ತಿಗೆ ಬಹಳ ಬೇಗ ತಗುಲುತ್ತದೆ.