ಮಂಗಳೂರಿನ ನಮ್ಮ ಜಾಗದಲ್ಲಿ 14 ಮಹಡಿ ಕಟ್ಟಿಸುವುದೋ, 4 ಮಹಡಿ ಸಾಕೋ?

ಬಿಲ್ಡರ್ 14 ಮಹಡಿ ಅಂದಿದ್ದಾರೆ, ಮಹಡಿ ಜಾಸ್ತಿಯಾದಷ್ಟೂ ಲಾಭ ಅಲ್ವಾ ಅಂತ ಕೇಳಿದ್ದೀರಿ. ನಾವೂ ಹಾಗೇ ಅಂದುಕೊಂಡಿದ್ದೆವು.

ಕದ್ರಿ ಕಡೆಯ ಹಂಚಿನ ಮನೆ ಕೆಡವಿ ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಟ್ಟೆವು. ಜಾಗ ನಮ್ಮದು, ಕಟ್ಟುವ ಖರ್ಚು ಬಿಲ್ಡರ್‌ದು, ಆಮೇಲೆ ಫ್ಲಾಟ್ ಹಂಚಿಕೊಳ್ಳುವುದು. ಬಿಲ್ಡರ್ ಪ್ಲಾನ್ ಹರವಿ "ನಿಮ್ಮ ಪಾಲಿಗೆ ಒಂಬತ್ತು ಫ್ಲಾಟ್" ಅಂದಾಗ ಅಮ್ಮ ಬೆರಳು ಮಡಚಿ ಯಾವುದು ಯಾರಿಗೆ ಅಂತ ಹಂಚಿಯೂ ಬಿಟ್ಟರು. ಎಡವಿದ್ದು ಅಲ್ಲೇ. ಪಾಲನ್ನೆಲ್ಲ ಫ್ಲಾಟಾಗಿಯೇ ತಗೊಂಡೆವು, ನಗದು ಅಂತ ಒಂದು ರೂಪಾಯಿ ಬರೆಸಲಿಲ್ಲ. ಬಿಲ್ಡರ್ ಮೊದಲೇ ಕೈಗೆ ಕೊಟ್ಟ ಡಿಪಾಸಿಟ್ಟೇ ನಮ್ಮ ದುಡ್ಡು ಅಂದುಕೊಂಡಿದ್ದೆವು. ಅದು ಕೀ ತಗೊಳ್ಳುವಾಗ ವಾಪಸ್ ಕೊಡಬೇಕಾದ ದುಡ್ಡು!

2017ರ ಬಜೆಟ್‌ನಲ್ಲಿ ಬಂದ ನಿಯಮ ನೋಡಿ. ಜಾಗ ಕೊಟ್ಟವರಿಗೆ ಕ್ಯಾಪಿಟಲ್ ಗೇನ್ಸ್ ತೆರಿಗೆ, ಅಂದರೆ ಆಸ್ತಿ ಕೊಟ್ಟು ಬಂದ ಲಾಭದ ಮೇಲಿನ ತೆರಿಗೆ, ಬೀಳುವುದು ಫ್ಲಾಟ್ ಮಾರಿದಾಗಲ್ಲ, ಕಟ್ಟಡ ಮುಗಿದಿದೆ ಅನ್ನುವ ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ವರ್ಷ. ಅದೂ ಆ ದಿನದ ಗೈಡೆನ್ಸ್ ವ್ಯಾಲ್ಯೂ, ಅಂದರೆ ಸರ್ಕಾರ ಗೊತ್ತುಮಾಡಿದ ಬೆಲೆ ಮೇಲೆ. ನಮ್ಮದು ಒಂದೂ ಮಾರಾಟವಾಗಿರಲಿಲ್ಲ. ಬ್ಯಾಂಕಿನ ಬಡ್ಡಿ ತಡೆಯಲಾರದೆ ಬಿಲ್ಡರೇ ಅದೇ ಕಟ್ಟಡದ ತನ್ನ ಫ್ಲಾಟ್‌ಗಳನ್ನು ರೇಟ್ ಇಳಿಸಿ ಮಾರುತ್ತಿದ್ದ. ನಮ್ಮದನ್ನು ಯಾರು ಕೇಳುತ್ತಾರೆ? ಬೀಗ ಹಾಕಿದ ಫ್ಲಾಟ್‌ಗಳಿಗೂ ಲಿಫ್ಟ್, ಜನರೇಟರ್, ಸೆಕ್ಯೂರಿಟಿ ಅಂತ ಚದರಡಿ ಲೆಕ್ಕದಲ್ಲಿ ಮೇಂಟೆನೆನ್ಸ್ ಕಟ್ಟಿದೆವು. ಕೊನೆಗೆ ಎರಡನ್ನು ಸಿಕ್ಕಿದ ರೇಟಿಗೆ ಕೊಟ್ಟು ತೆರಿಗೆ ತೀರಿಸಿದ್ದಾಯ್ತು.

ಮಹಡಿ ಏರಿಸಿದರೆ ಲಾಭ ಅನ್ನುವುದು ಮುಂಬೈ ಲೆಕ್ಕ. ಅಲ್ಲಿ ಜಾಗಕ್ಕೇ ಚಿನ್ನದ ಬೆಲೆ, ಎಷ್ಟು ಫ್ಲಾಟ್‌ಗೆ ಹಂಚಿದರೂ ಗಿಟ್ಟುತ್ತದೆ. ನಮ್ಮಂಥ ಊರಲ್ಲಿ ಕಟ್ಟುವ ಖರ್ಚೇ ದೊಡ್ಡದು. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ 15 ಮೀಟರ್ ಎತ್ತರ ಮುಟ್ಟಿದರೆ ಅದು ಹೈರೈಸ್, ಅಂದರೆ ಎತ್ತರದ ಕಟ್ಟಡ. ಇನ್ನೊಂದು ಮೆಟ್ಟಿಲು, ಫೈರ್ ಪಂಪು, ನೀರಿನ ಟ್ಯಾಂಕು ಎಲ್ಲ ಬರುತ್ತವೆ. ಎತ್ತರ ಏರಿದಷ್ಟೂ ಸುತ್ತ ಬಿಡಬೇಕಾದ ಜಾಗವೂ ಜಾಸ್ತಿ. ಚದರಡಿಗೆ ಖರ್ಚು ಏರುತ್ತದೆ, ಕೊಳ್ಳುವವರ ಜೇಬು ಏರಲ್ಲ. ಕಟ್ಟುತ್ತಿರುವಾಗಲೇ ಕೊಂಡರೆ ಸಾಮಾನ್ಯವಾಗಿ 5% ಜಿಎಸ್‌ಟಿ, ಸರ್ಟಿಫಿಕೇಟ್ ಬಂದಮೇಲೆ ಅದಿಲ್ಲ. ಹಾಗಾಗಿ ನಮ್ಮವರು ಕಾಯುತ್ತಾರೆ, ಬಡ್ಡಿ ಮಾತ್ರ ಕಾಯಲ್ಲ.

ಆದ್ದರಿಂದ ಎಷ್ಟು ಮಹಡಿ ಅನ್ನುವ ಪ್ರಶ್ನೆಯೇ ಸರಿ ಇಲ್ಲ. ನಿಮ್ಮ ಬೀದಿಯಲ್ಲಿ ವರ್ಷಕ್ಕೆ ಎಷ್ಟು ಫ್ಲಾಟ್ ಮಾರಾಟವಾಗುತ್ತವೆ ಅಂತ ಮೊದಲು ನೋಡಿ. ಸಂಜೆ ಹೊತ್ತು ಸುಮ್ನೆ ಹೋಗಿ, ಹೊಸ ಟವರ್‌ಗಳಲ್ಲಿ ಎಷ್ಟು ಕಿಟಕಿಗೆ ದೀಪ ಇದೆ ಎಣಿಸಿ. ಗಲ್ಫ್‌ನವರು ಕೊಂಡು ಬೀಗ ಹಾಕಿದ್ದೂ ಇರುತ್ತದೆ, ವಾಚ್‌ಮನ್ ಹತ್ತಿರ ವಿಚಾರಿಸಿ. ನಾನಾಗಿದ್ದರೆ ನಾಲ್ಕೇ ಮಹಡಿ. ಬಿಲ್ಡರ್ 14ಕ್ಕೇ ಹಠ ಹಿಡಿದರೆ, ನಿಮ್ಮ ಪಾಲಿನ ಮೂರನೇ ಒಂದು ಭಾಗವನ್ನು ವಾಪಸ್ ಕೊಡಬೇಕಿಲ್ಲದ ನಗದಾಗಿ ಕೇಳಿ. ಆಗಲ್ಲ ಅಂದರೆ, ಆ ಫ್ಲಾಟ್‌ಗಳು ಬೇಗ ಮಾರಾಟವಾಗುತ್ತವೆ ಅಂತ ಅವರಿಗೇ ನಂಬಿಕೆ ಇಲ್ಲ.