ಜಾರ್ಜ್ ಇಬ್ಬರಿರಲಿಲ್ಲ

ಕಳೆದ ಸಂಚಿಕೆಯಲ್ಲಿ ಸಮಾಜವಾದಿ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ಹುಬ್ಬಳ್ಳಿಯ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ. ಅವರ ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಜಾರ್ಜ್ ಮುಂದಾಳತ್ವದ 1974ರ ರೈಲ್ವೆ ಮುಷ್ಕರದಲ್ಲಿ ಕೆಲಸ ಹೋಯಿತು, ಕ್ವಾರ್ಟರ್ಸ್ ಬಿಡಬೇಕಾಯಿತು. 'ಕಾರ್ಮಿಕರನ್ನು ಬೀದಿಗೆ ತಂದು ತಾನು ಮಂತ್ರಿಯಾದವನು, ಕೊನೆಗೆ ತನ್ನ ಸಮಾಜವಾದವನ್ನೇ ಮಾರಿಕೊಂಡವನು. ಮಂಗಳೂರಿನವನು ಎಂಬ ಒಂದೇ ಕಾರಣಕ್ಕೆ ನೀವು ಹೊಗಳುತ್ತಿದ್ದೀರಿ' ಎಂಬುದು ಪತ್ರದ ಸಾರ. ಎರಡು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳುವ ಪತ್ರವಲ್ಲ ಇದು.

ಮೊದಲು ಮುಷ್ಕರದ ಮಾತು. 1974ರ ಮೇ 8ರಂದು ಶುರುವಾದ ಆ ಮುಷ್ಕರದಲ್ಲಿ ಸುಮಾರು 17 ಲಕ್ಷ ನೌಕರರು ಭಾಗಿಯಾಗಿದ್ದರೆನ್ನುತ್ತಾರೆ. ಎಂಟು ಗಂಟೆಯ ದುಡಿಮೆ, ಬೋನಸ್, ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ ಸಮನಾದ ಸಂಬಳ ಇವು ಮುಖ್ಯ ಬೇಡಿಕೆಗಳು. ಎಂಜಿನ್ ಹತ್ತಿದ ಡ್ರೈವರ್ ಯಾವಾಗ ಇಳಿಯುತ್ತಾನೆ ಎಂಬುದಕ್ಕೆ ಲಂಗುಲಗಾಮಿಲ್ಲದ ಕಾಲ ಅದು. ಮಾತುಕತೆಯ ಬಾಗಿಲು ಇನ್ನೂ ಮುಚ್ಚಿರದಿದ್ದಾಗಲೇ, ಮೇ 2ರಂದು, ಜಾರ್ಜ್‌ರನ್ನು ಲಖನೌದಲ್ಲಿ ಬಂಧಿಸಿದರು. ಅಂದರೆ ನಿಮ್ಮ ತಂದೆಯವರು ಕೆಲಸ ನಿಲ್ಲಿಸಿದ ದಿನ ಅವರ ನಾಯಕ ಜೈಲಿನಲ್ಲಿದ್ದ. ಸಾವಿರಾರು ಮಂದಿ ಬಂಧನವಾಯಿತು. ಕ್ವಾರ್ಟರ್ಸ್‌ಗಳಿಂದ ಹೆಂಗಸರು ಮಕ್ಕಳನ್ನು ಹೊರಹಾಕಿದರು. ಇಪ್ಪತ್ತು ದಿನಕ್ಕೆ ಮುಷ್ಕರ ಬೇಷರತ್ತಾಗಿ ಮುಗಿಯಿತು. ಅದು ಸೋಲು, ಅನುಮಾನವೇ ಇಲ್ಲ. ಇಂದಿರಾ ಗಾಂಧಿಯವರ ಸರ್ಕಾರ ಎಷ್ಟು ದೂರ ಹೋಗಬಲ್ಲದು ಎಂದು ಮುಷ್ಕರ ಹೂಡಿದವರು ಅಂದಾಜು ಮಾಡಿರಲಿಲ್ಲ. ಆ ತಪ್ಪು ಲೆಕ್ಕದ ಬೆಲೆ ತೆತ್ತದ್ದು ನಿಮ್ಮಂಥ ಮನೆಗಳು. ನಮ್ಮ ಲೇಖನ ಇದನ್ನು ಒಂದೇ ವಾಕ್ಯದಲ್ಲಿ ದಾಟಿಹೋಯಿತು ಎಂಬ ನಿಮ್ಮ ಆಕ್ಷೇಪ ಸರಿ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1977ರಲ್ಲಿ ಜನತಾ ಸರ್ಕಾರ ಬಂದಾಗ ರೈಲ್ವೆ ಮಂತ್ರಿಯಾದ ಮಧು ದಂಡವತೆ ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು, ಮುಷ್ಕರದಲ್ಲಿ ವಜಾ ಆದವರನ್ನು ವಾಪಸ್ ತೆಗೆದುಕೊಂಡದ್ದು. ಬೋನಸ್ ಕೂಡ ಆ ದಶಕ ಮುಗಿಯುವುದರೊಳಗೆ ಬಂತು. 'ಮಂತ್ರಿಯಾದ' ಎಂದಿರಲ್ಲ, ಆ ದಾರಿಯೂ ಮೆತ್ತಗಿರಲಿಲ್ಲ. ತುರ್ತುಪರಿಸ್ಥಿತಿ ಘೋಷಣೆಯಾದಾಗ ಒಡಿಶಾದ ಗೋಪಾಲಪುರದಲ್ಲಿದ್ದ ಜಾರ್ಜ್ ಅಲ್ಲಿಂದಲೇ ಭೂಗತರಾದರು. ಸುಮಾರು ಒಂದು ವರ್ಷ ವೇಷ ಮರೆಸಿಕೊಂಡು ಓಡಾಡಿ, 1976ರ ಜೂನ್‌ನಲ್ಲಿ ಕಲ್ಕತ್ತದಲ್ಲಿ ಸಿಕ್ಕಿಬಿದ್ದರು. ಅವರು ಎಲ್ಲಿದ್ದಾರೆ ಎಂದು ಬಾಯಿ ಬಿಡಿಸಲು ತಮ್ಮ ಲಾರೆನ್ಸ್‌ರನ್ನು ಪೊಲೀಸರು ಹಣ್ಣುಗಾಯಿ ಮಾಡಿದ್ದರು. ಜಾರ್ಜ್ ಜೊತೆಗಿನ ನಂಟಿಗಾಗಿ ಬಂಧನವಾಗಿ ಬೆಂಗಳೂರು ಜೈಲಿನಲ್ಲಿ ಉಬ್ಬಸದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಜೈಲಿನಿಂದಲೇ ಮುಜಫ್ಫರಪುರಕ್ಕೆ ನಿಂತ ಜಾರ್ಜ್ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಕ್ಷೇತ್ರದಲ್ಲಿ ಓಡಾಡಿದ್ದು ಅವರಲ್ಲ, ಕೋಳ ತೊಟ್ಟ ಕೈ ಎತ್ತಿದ ಅವರ ಚಿತ್ರ.

ಇನ್ನು 'ಮಾರಿಕೊಂಡ' ಎಂಬ ಮಾತು. ಇದು ನೀವೊಬ್ಬರೇ ಅನ್ನುವ ಮಾತಲ್ಲ. 1977ರವರೆಗಿನ ಜಾರ್ಜ್ ಚಿನ್ನ, 1998ರಲ್ಲಿ ಬಿಜೆಪಿ ನೇತೃತ್ವದ ಸರ್ಕಾರ ಸೇರಿದ ನಂತರದ ಜಾರ್ಜ್ ಕಾಗೆ ಬಂಗಾರ ಎಂದು ಎರಡು ತುಂಡು ಮಾಡಿ ಮಾತಾಡುವುದು ರೂಢಿಯಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಜಾರ್ಜ್ ರಾಜಕೀಯ ಕಲಿತದ್ದು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಳಿ. ಕಾಂಗ್ರೆಸ್ಸನ್ನು ಇಳಿಸಲು ಯಾರ ಜೊತೆಗಾದರೂ ಕೈಜೋಡಿಸಬಹುದು ಎಂಬ ಪಾಠ ಲೋಹಿಯಾರದೇ. 1967ರಲ್ಲಿ ಬಿಹಾರ, ಉತ್ತರ ಪ್ರದೇಶಗಳ ಸರ್ಕಾರಗಳಲ್ಲಿ ಸಮಾಜವಾದಿಗಳೂ ಈಗಿನ ಬಿಜೆಪಿಯ ಪೂರ್ವರೂಪವಾದ ಜನಸಂಘದವರೂ ಒಂದೇ ಸಂಪುಟದಲ್ಲಿ ಕೂತಿದ್ದರು. ಅದೇ ವರ್ಷ ಜಾರ್ಜ್ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್. ಕೆ. ಪಾಟೀಲರನ್ನು ಮಣ್ಣುಮುಕ್ಕಿಸಿ ದೇಶಕ್ಕೆ ಪರಿಚಯವಾದರು. ಮೂವತ್ತು ವರ್ಷ ಕಳೆದರೂ ಅವರ ಕೈಯಲ್ಲಿದ್ದದ್ದು ಅದೇ ಅಳತೆಗೋಲು. ಅಷ್ಟರಲ್ಲಿ ದೇಶ ಬದಲಾಗಿತ್ತು, ಕಾಂಗ್ರೆಸ್ ಬಡವಾಗಿತ್ತು, ಗೋಲು ಮಾತ್ರ ಬದಲಾಗಲಿಲ್ಲ. ಅವರು ಬದಲಾದದ್ದಲ್ಲ, ಬದಲಾಗದೇ ಉಳಿದದ್ದು ತೊಂದರೆ.

ನನ್ನ ಈ ವಾದ ಕುಂಟುವ ಜಾಗವೂ ಇದೆ: 1979ರ ಜುಲೈ. ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ ಮೊರಾರ್ಜಿ ದೇಸಾಯಿಯವರ ಜನತಾ ಸರ್ಕಾರವನ್ನು ಜಾರ್ಜ್ ಗಂಟಲು ಹರಿಯುವಂತೆ ಸಮರ್ಥಿಸಿದರು. ಎರಡು ಮೂರು ದಿನ ಕಳೆಯುವುದರೊಳಗೆ ಆ ಸರ್ಕಾರಕ್ಕೇ ರಾಜೀನಾಮೆ ಕೊಟ್ಟು ಚರಣ್ ಸಿಂಗ್ ಪಾಳಯ ಸೇರಿದರು. ಆ ಚರಣ್ ಸಿಂಗ್ ಪ್ರಧಾನಿಯಾದದ್ದು ಯಾರ ಬೆಂಬಲದ ಮಾತು ನಂಬಿ? ಇಂದಿರಾ ಗಾಂಧಿಯವರದು. ಸದನದಲ್ಲಿ ಬಹುಮತ ಪರೀಕ್ಷೆಗೆ ಮುನ್ನವೇ ಆ ಬೆಂಬಲ ಹೋಯಿತು. ಜನತಾ ಪಕ್ಷದ ಆಗಿನ ಒಳಜಗಳದಲ್ಲಿ ಜನಸಂಘದ ಮೂಲದವರು ಆರೆಸ್ಸೆಸ್ ಸದಸ್ಯತ್ವ ಇಟ್ಟುಕೊಳ್ಳಬಹುದೇ ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. ಸಮಾಜವಾದಿ ಮಧು ಲಿಮಯೆ ಅದನ್ನು ಬಿಡದೆ ಹಿಡಿದಿದ್ದರು. ಆ ಪ್ರಶ್ನೆಯನ್ನು ಹೊತ್ತು ಹೊರಬಂದ ಬಣದಲ್ಲಿದ್ದ ಜಾರ್ಜ್ ಹತ್ತೊಂಬತ್ತು ವರ್ಷದ ನಂತರ ವಾಜಪೇಯಿ ಸಂಪುಟದಲ್ಲಿ ರಕ್ಷಣಾ ಮಂತ್ರಿಯಾದಾಗ ಅದು ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ.

2002ರ ಬಗ್ಗೆ ನೀವು ಬರೆದದ್ದಕ್ಕೆ ನನ್ನ ತಕರಾರಿಲ್ಲ. ಗುಜರಾತಿನ ಹಿಂಸೆಯ ಕುರಿತ ಚರ್ಚೆಯಲ್ಲಿ ಎದ್ದು ನಿಂತು, ಇಂಥ ಅತ್ಯಾಚಾರ, ಕೊಲೆಗಳು ಈ ದೇಶದಲ್ಲಿ ಮೊದಲ ಸಲವೇನೂ ಅಲ್ಲ ಎಂಬ ಧಾಟಿಯಲ್ಲಿ ಮಾತಾಡಿದ ಜಾರ್ಜ್‌ರನ್ನು ನಾನು ಸಮರ್ಥಿಸಲಾರೆ. 1984ರ ದೆಹಲಿಯ ಸಿಖ್ಖರ ಹತ್ಯೆಯ ಪಾಪ ಕಾಂಗ್ರೆಸ್ಸಿನ ಮೇಲಿದೆ, ಸರಿ. ಅದರಿಂದ ಅಹಮದಾಬಾದಿನ ಲೆಕ್ಕ ಚುಕ್ತಾ ಆಗುವುದಿಲ್ಲ. ಆದರೆ ಕಾರ್ಗಿಲ್ ಯುದ್ಧದಲ್ಲಿ ಮಡಿದ ಸೈನಿಕರ ಶವಪೆಟ್ಟಿಗೆ ಖರೀದಿಯಲ್ಲಿ ಅಕ್ರಮ ನಡೆಯಿತೆಂಬ ಆರೋಪವನ್ನು ನೀವು ಇದೇ ಸಾಲಿಗೆ ಸೇರಿಸಿದ್ದು ನ್ಯಾಯವಲ್ಲ. ಸಿಬಿಐ ಆರೋಪಪಟ್ಟಿಯಲ್ಲಿ ಸೇನಾಧಿಕಾರಿಗಳ ಹೆಸರಿತ್ತು, ಜಾರ್ಜ್ ಹೆಸರು ಇರಲಿಲ್ಲ. ಸಿಯಾಚಿನ್ ಸೈನಿಕರಿಗೆ ಹಿಮದ ಮೇಲೆ ಓಡುವ ಸ್ಕೂಟರ್‌ಗಳ ಕಡತ ಕೊಳೆಯಿಸಿದ ಅಧಿಕಾರಿಗಳಿಗೆ, ಅಲ್ಲಿಗೇ ಹೋಗಿ ನೋಡಿಬನ್ನಿ ಎಂದ ಮಂತ್ರಿ ಅವರು.

'ಏನು ಬಿಟ್ಟುಹೋದರು?' ಎಂದು ಕೇಳಿದ್ದೀರಿ. ಪಕ್ಷವನ್ನಂತೂ ಬಿಟ್ಟುಹೋಗಲಿಲ್ಲ. 1994ರಲ್ಲಿ ಕಟ್ಟಿದ ಸಮತಾ ಪಕ್ಷ ಜೆಡಿಯುನಲ್ಲಿ ಕರಗಿತು. 2009ರಲ್ಲಿ ಅದೇ ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ. ಕಾಯಿಲೆಯ ದೇಹ ಹೊತ್ತು ಮುಜಫ್ಫರಪುರದಲ್ಲೇ ಪಕ್ಷೇತರನಾಗಿ ನಿಂತು ಸೋತರು. ಕಣ್ಣಿಗೆ ಕಾಣುವ ಆಸ್ತಿ ಎಂದರೆ ಕೊಂಕಣ ರೈಲ್ವೆ. 1990ರಲ್ಲಿ, ರೈಲ್ವೆ ಮಂತ್ರಿಯಾಗಿದ್ದ ಹನ್ನೊಂದೇ ತಿಂಗಳಲ್ಲಿ, ಅದಕ್ಕೊಂದು ಪ್ರತ್ಯೇಕ ನಿಗಮ ಮಾಡಿ ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಕೈಗೆ ಕೊಟ್ಟರು. ಬಂಡವಾಳದಲ್ಲಿ ರೈಲ್ವೆಯದು 51 ಪಾಲು, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣವನ್ನು ಬಾಂಡ್ ಮಾರಿ ಎತ್ತಿದರು. ಬಜೆಟ್‌ನಲ್ಲಿ ವರ್ಷವರ್ಷ ಬಿಡಿಗಾಸಿಗೆ ಕಾಯುವ ಯೋಜನೆಯಾಗಿದ್ದರೆ ಸುಮಾರು 740 ಕಿ.ಮೀ. ಹಳಿ 1998ರ ಜನವರಿಗೆ ಮುಗಿಯುತ್ತಿರಲಿಲ್ಲ. ಆಗ ಹಣಕಾಸು ಮಂತ್ರಿ ಯಾರು ಗೊತ್ತೇ? ನಿಮ್ಮ ತಂದೆಯವರಂಥವರನ್ನು ಕೆಲಸಕ್ಕೆ ವಾಪಸ್ ತೆಗೆದುಕೊಂಡ ಅದೇ ದಂಡವತೆ. ಕೊಂಕಣದ ರಾಜಾಪುರದಿಂದ ಗೆದ್ದು ಬಂದಿದ್ದ ಅವರ ಒತ್ತಾಸೆ ಇಲ್ಲದಿದ್ದರೆ ಜಾರ್ಜ್ ಒಬ್ಬರಿಂದ ಇದು ಆಗುವ ಮಾತಾಗಿರಲಿಲ್ಲ.

ಕೊನೆಯದಾಗಿ, ಮಂಗಳೂರಿನವರೆಂದು ಹೊಗಳುತ್ತೇವೆ ಎಂಬ ಆಪಾದನೆ. ಮುಂಬಯಿ, ಮುಜಫ್ಫರಪುರ, ನಳಂದಾದ ಮತದಾರರು ಗೆಲ್ಲಿಸಿದ ಈ ಮನುಷ್ಯನನ್ನು ಕರ್ನಾಟಕ ಒಮ್ಮೆಯೂ ಲೋಕಸಭೆಗೆ ಕಳಿಸಲಿಲ್ಲ. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತಾಗ ಸಿ. ಕೆ. ಜಾಫರ್ ಷರೀಫ್ ಎದುರು ಸೋತರು. ತಮಾಷೆಯೆಂದರೆ, 1991ರಲ್ಲಿ ರೈಲ್ವೆ ಮಂತ್ರಿಯಾದ ಷರೀಫರ ಅವಧಿಯಲ್ಲೇ ಕೊಂಕಣದ ಕೆಲಸದ ಬಹುಪಾಲು ನಡೆಯಿತು. ನಮ್ಮ ಮೀಟರ್ ಗೇಜ್ ಹಳಿಗಳು ಬ್ರಾಡ್ ಗೇಜ್ ಆಗಲು ಚಾಲನೆ ಸಿಕ್ಕಿದ್ದೂ ಅವರಿಂದ. ಷರೀಫರ ಬಗ್ಗೆ ನಮ್ಮ ಪತ್ರಿಕೆ ಇದುವರೆಗೆ ಒಂದು ದೊಡ್ಡ ಲೇಖನ ಪ್ರಕಟಿಸಿಲ್ಲ. ವರ್ಕ್‌ಶಾಪಿನ ಒಳಗನ್ನು ಬಲ್ಲ ಮನೆಯವರು ನೀವು. ಗೇಜ್ ಬದಲಾದ ಆ ವರ್ಷಗಳ ಬಗ್ಗೆ ಬರೆದುಕೊಡುವಿರಾದರೆ ಎಂಟು ಪುಟ ಮೀಸಲಿಡುತ್ತೇವೆ.

— ಸಂ.